ರೀಫ್ ಟ್ಯಾಂಕಿನಲ್ಲಿ ಸ್ಪಾಂಜ್ ಹಬ್ಬುತ್ತಿದೆಯಾ? ಯಾವುದನ್ನು ಬಿಡಬೇಕು, ಯಾವುದನ್ನು ಕೀಳಬೇಕು, ಹೇಗೆ ಕೀಳಬೇಕು

ರೀಫ್ ಟ್ಯಾಂಕಿನಲ್ಲಿ, ಅಂದರೆ ಕೋರಲ್ (ಹವಳ) ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಸ್ಪಾಂಜ್ ಎಂಬ ನೀರು ಸೋಸಿ ಬದುಕುವ ಪ್ರಾಣಿ ಕಂಡ ಕೂಡಲೇ ಬ್ರಷ್ ಹಿಡಿದು ನೀರಿಗೆ ಕೈ ಹಾಕಬೇಡಿ. ಮೊದಲು ಅದು ಯಾವ ಬಗೆಯ ಸ್ಪಾಂಜ್ ಅಂತ ನೋಡಿ. ಆಮೇಲೆ ಅದರ ಅಂಚು ಜೀವಂತ ಕೋರಲ್‌ಗೆ ತಾಗಿದೆಯಾ ಅಂತ ನೋಡಿ. ನಮ್ಮ ಟ್ಯಾಂಕುಗಳಲ್ಲಿ ತಾನಾಗಿ ಬೆಳೆಯುವ ಬಹುಪಾಲು ಸ್ಪಾಂಜ್‌ಗಳಿಂದ ಏನೂ ತೊಂದರೆ ಇಲ್ಲ, ಉಪಕಾರವೇ ಜಾಸ್ತಿ. ಕಾಟ ಕೊಡುವುದು ಕೆಲವೇ ಬಗೆ. ಅವೂ ಸಂಪಿನಲ್ಲೋ (ಟ್ಯಾಂಕಿನ ಕೆಳಗೆ ಇಡುವ ಫಿಲ್ಟರ್ ತೊಟ್ಟಿ) ಬಂಡೆಯ ಹಿಂಬದಿಯಲ್ಲೋ ಬೆಳೆಯುತ್ತಿದ್ದರೆ ಬಿಟ್ಟುಬಿಡಬಹುದು. ಪೂರ್ತಿ ನಿರ್ಮೂಲ ಮಾಡಿಯೇ ತೀರುತ್ತೇನೆ ಅಂತ ಹೊರಟರೆ ಕೊನೆಗೆ ಪೆಟ್ಟು ಬೀಳುವುದು ಕೋರಲ್‌ಗೇ. ಅದರ ಬದಲು ಸ್ಪಾಂಜ್ ಎಲ್ಲಿ ಇರಬಹುದು, ಎಲ್ಲಿ ಇರಬಾರದು ಅಂತ ಒಂದು ಗಡಿ ಹಾಕಿಕೊಳ್ಳಿ. ಗಡಿ ದಾಟಿದ ಭಾಗವನ್ನು ಮಾತ್ರ ಕೈಯಿಂದ ತೆಗೆಯಿರಿ, ಜೊತೆಗೆ ಅದಕ್ಕೆ ಸಿಗುತ್ತಿರುವ ಊಟ ಕಡಿಮೆ ಮಾಡಿ. ಈ ಎರಡನ್ನೂ ಒಟ್ಟಿಗೆ ಮಾಡಿದರೆ ಮಾತ್ರ ಫಲ ಸಿಗುತ್ತದೆ.

ಅದು ನಿಜಕ್ಕೂ ಸ್ಪಾಂಜೇನಾ?

ಬಂಡೆ ಮೇಲೆ ಮೆತ್ತಗೆ, ಬಣ್ಣಬಣ್ಣವಾಗಿ ಹಬ್ಬಿರುವುದೆಲ್ಲ ಸ್ಪಾಂಜ್ ಅಲ್ಲ. ತುದಿ ಮೊಂಡಾಗಿರುವ ಒಂದು ಪ್ಲಾಸ್ಟಿಕ್ ಕಡ್ಡಿ ತಗೊಂಡು ಮೆಲ್ಲಗೆ ಮುಟ್ಟಿ. ತಕ್ಷಣ ಮುದುಡಿಕೊಂಡು ಬಾಯಿ ಮುಚ್ಚಿಕೊಂಡರೆ ಅದು ಟ್ಯೂನಿಕೇಟ್ ಎಂಬ ಬೇರೆ ಬಗೆಯ ಪ್ರಾಣಿ ಇರಬಹುದು. ಸ್ಪಾಂಜ್‌ಗೆ ನರ, ಸ್ನಾಯು ಎರಡೂ ಇಲ್ಲ, ಹಾಗೆ ಥಟ್ಟನೆ ಮುದುಡುವುದಿಲ್ಲ. ಕಡ್ಡಿಗೆ ಸಿಕ್ಕಿ ಲೋಳೆ ಲೋಳೆಯಾಗಿ, ಪೊರೆ ಪೊರೆಯಾಗಿ ಎದ್ದು ಬಂದರೆ ಅದು ಸಯನೋಬ್ಯಾಕ್ಟೀರಿಯಾ, ಪಾಚಿಯಂತೆ ಬೆಳಕಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಎಷ್ಟು ಕೆರೆದರೂ ಬರದ ಗಟ್ಟಿಯಾದ ನೇರಳೆ ಅಥವಾ ಗುಲಾಬಿ ಪದರ ಕೋರಲೈನ್ ಪಾಚಿ, ಅದು ಟ್ಯಾಂಕಿನಲ್ಲಿ ಇರಲೇಬೇಕಾದ್ದು.

ಸ್ಪಾಂಜ್ ಆದರೆ ಹತ್ತಿರದಿಂದ ಟಾರ್ಚ್ ಬಿಟ್ಟು ನೋಡಿದಾಗ ಮೈಮೇಲೆ ಅಲ್ಲಲ್ಲಿ ದುಂಡನೆಯ ತೂತುಗಳು ಕಾಣುತ್ತವೆ. ನೀರು ಒಳಗೆ ಹೋಗುವುದು ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿಂದ, ಹೊರಗೆ ಬರುವುದು ಈ ದೊಡ್ಡ ತೂತಿನಿಂದ. ಈ ಪುಟ್ಟ ಜೀವಿ ಎಷ್ಟು ನೀರು ಸೋಸುತ್ತದೆ ಗೊತ್ತಾ? 10 ಸೆಂಟಿಮೀಟರ್ ಎತ್ತರದ, ಬೆರಳಿನಷ್ಟು ದಪ್ಪದ ಲ್ಯೂಕೋನಿಯಾ ಎಂಬ ಸ್ಪಾಂಜ್ ದಿನಕ್ಕೆ 20 ಲೀಟರ್‌ಗೂ ಜಾಸ್ತಿ ನೀರನ್ನು ತನ್ನ ಮೈಯೊಳಗಿಂದ ಹಾಯಿಸುತ್ತದೆ ಅಂತ ಜೀವಶಾಸ್ತ್ರದ ಪಠ್ಯಗಳು ಹೇಳುತ್ತವೆ. ಅಂದರೆ ನಿಮ್ಮ ಸಂಪಿನ ಕತ್ತಲ ಮೂಲೆಯಲ್ಲಿ ಬೆಳೆದಿರುವ ಬಿಳಿ, ಹಳದಿ ಸ್ಪಾಂಜ್‌ಗಳು ಬಿಡಿಕಾಸು ಖರ್ಚಿಲ್ಲದೆ ಇಪ್ಪತ್ನಾಲ್ಕು ಗಂಟೆಯೂ ನೀರಿನಿಂದ ಬ್ಯಾಕ್ಟೀರಿಯಾ ಸೋಸುತ್ತಿವೆ. ಅವನ್ನು ಮುಟ್ಟದೇ ಇರಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಯಾವುದು ನಿರಪಾಯ, ಯಾವುದು ಅಪಾಯ

ಹೊಸ ಟ್ಯಾಂಕಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಸೈಕಾನ್. ಒಂದು ಸೆಂಟಿಮೀಟರ್ ಆಸುಪಾಸಿನ ಬಿಳಿ ಹೂಜಿ, ಬಾಯಿ ಸುತ್ತ ಮುಳ್ಳಿನ ಕುಚ್ಚು. ಓವರ್‌ಫ್ಲೋ ಬಾಕ್ಸ್ (ಟ್ಯಾಂಕಿನ ನೀರು ಸಂಪಿಗೆ ಇಳಿಯುವ ಗೂಡು), ಪೈಪು, ಪಂಪಿನ ಹಿಂಭಾಗ, ಎಲ್ಲೆಂದರಲ್ಲಿ ಡಜನ್‌ಗಟ್ಟಲೆ ಹುಟ್ಟುತ್ತದೆ. ನೋಡಿದವರಿಗೆ ಗಾಬರಿ ಆಗುವುದು ಸಹಜ, ಆದರೆ ಇದು ಯಾವ ಕೋರಲ್‌ಗೂ ಏನೂ ಮಾಡುವುದಿಲ್ಲ. ಕೆಲವು ತಿಂಗಳು ಜೋರಾಗಿ ಇದ್ದು ಆಮೇಲೆ ತಾನಾಗಿ ಕಡಿಮೆ ಆಗುವುದೇ ಹೆಚ್ಚು. ಹಳದಿ ಅಥವಾ ಕಿತ್ತಳೆ ಬಣ್ಣದ ಗೋಲಿಯಂಥ ಟೆಥಿಯಾ ಕೂಡ ನಿರಪಾಯಿ. ಬಂಡೆಯ ಅಡಿಯಲ್ಲಿ, ನೆರಳಲ್ಲಿ ತೆಳ್ಳಗೆ ಹರಡಿಕೊಳ್ಳುವ ಬಿಳಿ, ಹಳದಿ ಪದರಗಳೂ ಅಷ್ಟೇ.

ಜಾಗ್ರತೆ ಬೇಕಾಗಿರುವುದು ಬೆಳಕಿಗೆ ಬಂದು ಬೆಳೆಯುವ ಸ್ಪಾಂಜ್‌ಗಳ ಬಗ್ಗೆ. ಅದರಲ್ಲಿ ಮೊದಲನೆಯದು ಕೊಲೊಸ್ಪಾಂಜಿಯಾ ಔರಿಸ್. ಬೂದು, ಕೆಲವೊಮ್ಮೆ ನೀಲಿ ಅಥವಾ ಹಸಿರು ಛಾಯೆಯ ತೆಳು ಹಾಳೆ, ಅಂಚು ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಇದರ ಮೈಯೊಳಗೆ ಸಯನೋಬ್ಯಾಕ್ಟೀರಿಯಾ ವಾಸ ಮಾಡುತ್ತವೆ, ಬೆಳಕಿನಿಂದ ಆಹಾರ ಮಾಡಿ ಇದಕ್ಕೂ ಕೊಡುತ್ತವೆ. ಹಾಗಾಗಿ ನೀವು ಕೋರಲ್‌ಗೆ ಅಂತ ಹಾಕಿದ ಲೈಟ್ ಇದಕ್ಕೂ ಒಗ್ಗುತ್ತದೆ. ಎರಡನೆಯದು ಕಾಂಡ್ರಿಲಾ. ಕಂದು ಬಣ್ಣ, ನುಣುಪು, ಹೊಳಪು, ಮುಟ್ಟಿದರೆ ರಬ್ಬರ್. ಹವ್ಯಾಸಿಗಳು ಇದನ್ನು ಕೋಳಿ ಲಿವರ್ ಸ್ಪಾಂಜ್ ಅಂತ ಕರೆಯುತ್ತಾರೆ, ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಮೂರನೆಯದು ಕ್ಲಯೋನಾ. ಇದು ಮೇಲೆ ಹಬ್ಬುವುದಕ್ಕಿಂತ ಕೋರಲ್‌ನ ಅಸ್ಥಿಯನ್ನೇ ಕೊರೆದು ಒಳಗೆ ಬೆಳೆಯುತ್ತದೆ. ಹೊರಗೆ ಕಾಣುವುದು ಹಳದಿ, ಕಿತ್ತಳೆ ಅಥವಾ ಕಂದು ಚುಕ್ಕೆಗಳು ಮಾತ್ರ. ಟ್ರೈಡಾಕ್ನಾ ಎಂಬ ದೊಡ್ಡ ಕಪ್ಪೆಚಿಪ್ಪಿನ ಬುಡದಲ್ಲೂ ಇವು ಕಾಣಿಸಿಕೊಳ್ಳಬಹುದು.

ಇನ್ನೊಂದಿದೆ, ಟರ್ಪಿಯಾಸ್ ಹೊಶಿನೋಟಾ. ಕಪ್ಪು ಬೂದು ಬಣ್ಣದ, ಒಂದು ಮಿಲಿಮೀಟರ್‌ಗಿಂತಲೂ ತೆಳುವಾದ ಪದರ, ಜೀವಂತ ಕೋರಲ್ ಮೇಲೆಯೇ ಹತ್ತಿ ಕೊಲ್ಲುತ್ತದೆ. ಗುವಾಮ್ ದ್ವೀಪದಲ್ಲಿ ಇದರ ಹಾವಳಿಯನ್ನು 1970ರ ದಶಕದಲ್ಲೇ ಗುರುತಿಸಿದ್ದರು, ಈ ಹೆಸರು ಸಿಕ್ಕಿದ್ದು 1993ರಲ್ಲಿ. ತಮಿಳುನಾಡು ಮತ್ತು ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯ ಹವಳದ ದಿಬ್ಬಗಳಲ್ಲೂ ಇದು ಪತ್ತೆಯಾಗಿದೆ. ಟ್ಯಾಂಕಿನಲ್ಲಿ ಅಪರೂಪ. ಆದರೆ ಇಂಥದ್ದೇ ಲಕ್ಷಣ ಕಂಡರೆ ಆ ಬಂಡೆಯನ್ನು ಅವತ್ತೇ ಬೇರೆ ಮಾಡಿ.

ಅನುಮಾನ ಇದ್ದರೆ ವಾರಕ್ಕೊಂದು ಫೋಟೋ ತೆಗೆಯಿರಿ. ಅದೇ ಜಾಗದಿಂದ, ಅದೇ ಹೊತ್ತಿಗೆ, ಅದೇ ಲೈಟಿನಲ್ಲಿ. ನಾಲ್ಕು ವಾರದ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ ಅಂಚು ಕೋರಲ್ ಕಡೆಗೆ ಸರಿಯುತ್ತಿದೆಯಾ ಇಲ್ಲವಾ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸರಿಯುತ್ತಿಲ್ಲ ಅಂದರೆ ಮುಂದಿನದ್ದು ಯಾವುದೂ ಬೇಡ.

ಸಿಲಿಕೇಟ್ ಒಂದರ ಮೇಲೇ ತಪ್ಪು ಹೊರಿಸಬೇಡಿ

ಸ್ಪಾಂಜ್ ಬಂತು ಅಂದರೆ ನೀರಿನಲ್ಲಿ ಸಿಲಿಕೇಟ್ (ಕರಗಿದ ಸಿಲಿಕಾ) ಜಾಸ್ತಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕಾಂಡ್ರಿಲಾ, ಕ್ಲಯೋನಾ, ಟೆಥಿಯಾ, ಟರ್ಪಿಯಾಸ್ ಇವೆಲ್ಲ ಸಿಲಿಕಾದಿಂದ ಸೂಜಿಯಂಥ ಮುಳ್ಳು ಕಟ್ಟಿಕೊಳ್ಳುತ್ತವೆ. ಇವಕ್ಕೆ ಸಿಲಿಕೇಟ್ ಬೇಕು. ಆದರೆ ಸೈಕಾನ್ ಮುಳ್ಳು ಕ್ಯಾಲ್ಶಿಯಂ ಕಾರ್ಬೊನೇಟ್‌ನದು. ಬೂದು ಹಾಳೆಯ ಕೊಲೊಸ್ಪಾಂಜಿಯಾಗೆ ಮುಳ್ಳೇ ಇಲ್ಲ, ಸ್ಪಾಂಜಿನ್ ಎಂಬ ನಾರಿನ ಮೇಲೆ ನಿಂತಿರುತ್ತದೆ. ಅಂದಮೇಲೆ ಬೂದು ಹಾಳೆ ಹಬ್ಬುತ್ತಿರುವ ಟ್ಯಾಂಕಿಗೆ ಸಿಲಿಕೇಟ್ ತೆಗೆಯುವ ಮೀಡಿಯಾ ತಂದು ಸುರಿದರೆ ಆ ಸ್ಪಾಂಜ್‌ಗೆ ಏನೂ ಆಗುವುದಿಲ್ಲ. ಬಗೆ ಗುರುತಿಸಿ ಅಂತ ಮೊದಲೇ ಹೇಳಿದ್ದು ಈ ಕಾರಣಕ್ಕೆ.

ಸಿಲಿಕಾ ಮುಳ್ಳಿನ ಸ್ಪಾಂಜ್ ಆಗಿದ್ದರೆ ನೀರಿನ ಮೂಲ ನೋಡಲೇಬೇಕು. ಬೆಂಗಳೂರು, ಕೋಲಾರ, ತುಮಕೂರು ಕಡೆ ಬೋರ್‌ವೆಲ್ ನೀರು ಬರುವುದು ಗ್ರಾನೈಟ್, ನೈಸ್ (gneiss) ಎಂಬ ಗಟ್ಟಿ ಬಂಡೆಯ ಬಿರುಕುಗಳಿಂದ. ಅಂಥ ನೀರಿನಲ್ಲಿ ಸಿಲಿಕಾ ಸಹಜವಾಗಿಯೇ ಇರುತ್ತದೆ. ಮನೆಯಲ್ಲಿ ಕುಡಿಯುವ ನೀರಿಗೆ ಇಟ್ಟಿರುವ ಆರ್‌ಓ ಮೆಷಿನ್ ಈ ಕೆಲಸಕ್ಕೆ ಆಗಿಬರುವುದಿಲ್ಲ. ರುಚಿಗೆ ಅಂತ ಬಹಳಷ್ಟು ಮೆಷಿನ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇರುತ್ತದೆ, ಸೋಸಿದ ನೀರಿಗೆ ಮತ್ತೆ ಲವಣ ಸೇರಿಸುತ್ತದೆ. 20 ಲೀಟರ್ ಕ್ಯಾನ್ ನೀರನ್ನೂ ನಂಬಬೇಡಿ. ಆರ್‌ಓ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣವನ್ನೂ ಹೀರುವ ಸಣ್ಣ ಮಣಿಗಳು) ದಾಟಿ ಬಂದ ನೀರೇ ಬೇಕು.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಪ್ರಮಾಣವನ್ನು. ನೀರಿನಲ್ಲಿ ಕರಗಿದ ಸಿಲಿಕಾ ಹೆಚ್ಚೂ ಕಡಿಮೆ ವಿದ್ಯುದಂಶವೇ ಇಲ್ಲದ ರೂಪದಲ್ಲಿ ಇರುವುದರಿಂದ ಮೀಟರ್‌ಗೆ ಅದು ಕಾಣುವುದೇ ಇಲ್ಲ. ಇನ್ನೊಂದು ಕಡೆ ಡಿಐ ರೆಸಿನ್ ಮುಗಿಯುತ್ತಾ ಬಂದಾಗ ಎಲ್ಲಕ್ಕಿಂತ ಮೊದಲು ಸೋರುವುದು ಈ ಸಿಲಿಕಾನೇ. ಮೀಟರ್ ಸೊನ್ನೆ ತೋರಿಸುತ್ತಲೇ ಇರುತ್ತದೆ, ಸಿಲಿಕಾ ಟ್ಯಾಂಕಿಗೆ ಬರುತ್ತಲೇ ಇರುತ್ತದೆ. ಹಾಗಾಗಿ ರೆಸಿನ್ ಬಣ್ಣ ಪೂರ್ತಿ ಬದಲಾಗುವವರೆಗೆ ಕಾಯದೆ ಸ್ವಲ್ಪ ಮುಂಚೆಯೇ ಬದಲಿಸಿ, ಸಾಧ್ಯವಾದರೆ ಎರಡು ಡಿಐ ಸಿಲಿಂಡರ್ ಸಾಲಾಗಿ ಇಟ್ಟು ಮೊದಲನೆಯದು ಮುಗಿದಾಗ ಎರಡನೆಯದನ್ನು ಮುಂದಕ್ಕೆ ತಂದುಕೊಳ್ಳಿ. ಫಾಸ್ಫೇಟ್ ತೆಗೆಯಲು ಬಳಸುವ ಜಿಎಫ್ಓ (ಕಬ್ಬಿಣದ ಆಕ್ಸೈಡ್ ಹರಳು) ಸಿಲಿಕೇಟನ್ನೂ ಹೀರಿಕೊಳ್ಳುತ್ತದೆ. ಆದರೆ ಮೂಲ ಸರಿ ಮಾಡದೆ ಜಿಎಫ್ಓ ಮಾತ್ರ ಹಾಕುತ್ತಾ ಕೂತರೆ ದುಡ್ಡು ದಂಡ.

ಊಟ ಕಡಿಮೆ ಮಾಡುವುದು

ಸ್ಪಾಂಜ್‌ಗಳು ತಿನ್ನುವುದು ಬ್ಯಾಕ್ಟೀರಿಯಾ, ಬಹಳ ಸಣ್ಣ ಪಾಚಿ ಕಣ, ಮತ್ತು ನೀರಿನಲ್ಲಿ ಕರಗಿರುವ ಸಾವಯವ ಇಂಗಾಲ. ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದಲ್ಲಿ ಯಾಸ್ಪರ್ ಡಿ ಗೂಯ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಹವಳ ಮತ್ತು ಪಾಚಿ ಬಿಡುವ ಕರಗಿದ ಇಂಗಾಲವನ್ನು ಸ್ಪಾಂಜ್ ಹೀರುತ್ತದೆ, ತನ್ನ ಜೀವಕೋಶಗಳನ್ನು ಬೇಗ ಬೇಗ ಉದುರಿಸುತ್ತದೆ, ಆ ಕಸವನ್ನು ಸಣ್ಣ ಪ್ರಾಣಿಗಳು ತಿನ್ನುತ್ತವೆ. ಪೋಷಕಾಂಶ ಕಡಿಮೆ ಇರುವ ನೀರಿನಲ್ಲಿ ಹವಳದ ದಿಬ್ಬ ಇಷ್ಟು ಸಮೃದ್ಧವಾಗಿ ಇರುವುದಕ್ಕೆ ಇದೂ ಒಂದು ಕಾರಣ ಅಂತ ಅವರು ತೋರಿಸಿದರು.

ಇದನ್ನು ನಮ್ಮ ಟ್ಯಾಂಕಿಗೆ ತಂದು ನೋಡಿ. ನೈಟ್ರೇಟ್ ಇಳಿಸಲು ವಿನೆಗರ್, ವೋಡ್ಕಾ ಅಥವಾ ರೆಡಿಮೇಡ್ ದ್ರವ ಹಾಕಿ ಕಾರ್ಬನ್ ಡೋಸಿಂಗ್ (ಬ್ಯಾಕ್ಟೀರಿಯಾಗೆ ಇಂಗಾಲ ಉಣಿಸುವುದು) ಮಾಡುತ್ತೀರಾ? ಅದೇ ಕೆಲಸ ಮಾಡುವ ಬಯೋ ಪೆಲೆಟ್ ರಿಯಾಕ್ಟರ್ ಇದೆಯಾ? ಹಾಗಿದ್ದರೆ ನೀವು ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೀರಿ, ಆ ಬ್ಯಾಕ್ಟೀರಿಯಾ ನೇರವಾಗಿ ಸ್ಪಾಂಜ್ ಬಾಯಿಗೆ ಹೋಗುತ್ತಿದೆ. ಕಾರ್ಬನ್ ಡೋಸಿಂಗ್ ಶುರು ಮಾಡಿದ ಮೇಲೆ ಸ್ಪಾಂಜ್ ಜೋರಾಗಿ ಹಬ್ಬಿದ್ದನ್ನು ಅನೇಕ ಹವ್ಯಾಸಿಗಳು ಗಮನಿಸಿದ್ದಾರೆ. ಒಂದೇ ದಿನಕ್ಕೆ ನಿಲ್ಲಿಸಬೇಡಿ, ನೈಟ್ರೇಟ್ ಹಾರಿಬಿಡುತ್ತದೆ. ವಾರಕ್ಕೆ ಕಾಲು ಭಾಗದಂತೆ ಇಳಿಸುತ್ತಾ ಬನ್ನಿ, ನೈಟ್ರೇಟ್ ಟೆಸ್ಟ್ ಮಾಡುತ್ತಾ ಇರಿ. ನೈಟ್ರೇಟ್ ಮತ್ತೆ ಏರುತ್ತಿದೆ ಅಂದರೆ ನೀರು ಬದಲಾಯಿಸುವುದನ್ನು ಹೆಚ್ಚಿಸಿ, ಅಥವಾ ಸಂಪಿನಲ್ಲಿ ಕೀಟೊಮಾರ್ಫಾ ಎಂಬ ಹಸಿರು ಪಾಚಿ ಬೆಳೆಸಿ.

ಫೈಟೊಪ್ಲಾಂಕ್ಟನ್, ಅಮೈನೋ ಆಸಿಡ್, ಕೋರಲ್ ಫುಡ್ ಪುಡಿಗಳನ್ನು ಒಂದೆರಡು ತಿಂಗಳು ನಿಲ್ಲಿಸಿ. ಬಹಳಷ್ಟು ಕೋರಲ್‌ಗಳು ಇದರಿಂದ ಸಾಯುವುದಿಲ್ಲ, ಬೆಳಕು ಮತ್ತು ಮೀನಿನ ಊಟದ ಉಳಿಕೆಯಲ್ಲೇ ಬದುಕುತ್ತವೆ. ಮೀನಿಗೆ ಫ್ರೋಜನ್ ಮೈಸಿಸ್, ಬ್ರೈನ್ ಶ್ರಿಂಪ್ ಹಾಕುವ ಮುಂಚೆ ಸಣ್ಣ ಜಾಲರಿಯಲ್ಲಿ ಆರ್‌ಓ ನೀರಿನಿಂದ ಒಮ್ಮೆ ತೊಳೆಯಿರಿ, ಅದರ ರಸ ಟ್ಯಾಂಕಿಗೆ ಹೋಗುವುದು ಬೇಡ. ಸ್ಕಿಮ್ಮರನ್ನು (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಅದರ ಕಪ್‌ಗೆ ಸ್ವಲ್ಪ ತೆಳುವಾದ ಕೊಳೆ ನೀರು ಬರುವಂತೆ ಹೊಂದಿಸಿ. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಇಡಿ, ತಿಂಗಳಿಗೊಮ್ಮೆಯಾದರೂ ಬದಲಿಸಿ. ಫಿಲ್ಟರ್ ಸಾಕ್ಸ್ ಎರಡು ಮೂರು ದಿನಕ್ಕೊಮ್ಮೆ ತೊಳೆಯಿರಿ.

ಆದರೆ ಪೋಷಕಾಂಶವನ್ನು ಸೊನ್ನೆಗೆ ಇಳಿಸಬೇಡಿ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಸಾಕು. ಎರಡೂ ಸೊನ್ನೆ ಆದರೆ ಡೈನೊಫ್ಲಾಜೆಲ್ಲೇಟ್ ಎಂಬ ಇನ್ನೊಂದು ಕಾಟ ಬಂದು ಕೂರುತ್ತದೆ, ಅದು ಸ್ಪಾಂಜ್‌ಗಿಂತ ನೂರು ಪಾಲು ಕಷ್ಟ.

ಕೈಯಿಂದ ತೆಗೆಯುವುದು

ಊಟ ಕಡಿಮೆ ಮಾಡಿದರೆ ಬೆಳವಣಿಗೆ ನಿಧಾನ ಆಗುತ್ತದೆ, ಇರುವುದು ಹೋಗುವುದಿಲ್ಲ. ಅದನ್ನು ಕೈಯಿಂದಲೇ ತೆಗೆಯಬೇಕು.

ಇಲ್ಲಿ 1907ರ ಒಂದು ಪ್ರಯೋಗ ನೆನಪಿಡಿ. ಅಮೆರಿಕದ ಎಚ್.ವಿ. ವಿಲ್ಸನ್ ಎಂಬ ವಿಜ್ಞಾನಿ ಜೀವಂತ ಸ್ಪಾಂಜನ್ನು ತೆಳ್ಳನೆಯ ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಬಿಡಿ ಬಿಡಿ ಜೀವಕೋಶ ಮಾಡಿದ. ಆ ಕೋಶಗಳು ತಾವಾಗಿ ಒಂದನ್ನೊಂದು ಹುಡುಕಿ ಗುಂಪಾಗಿ ಮತ್ತೆ ಸ್ಪಾಂಜ್ ಆದವು. ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಟ್ಯಾಂಕಿನೊಳಗೆ ಬ್ರಷ್‌ನಿಂದ ಗಸಗಸ ಉಜ್ಜಿದರೆ ಏನಾಗುತ್ತದೆ ಅಂತ ಇದರಿಂದಲೇ ಊಹಿಸಬಹುದು. ಒಂದು ಕಡೆ ಇದ್ದದ್ದು ಹತ್ತು ಕಡೆ ಆಗುತ್ತದೆ. ಹಾಗಾಗಿ ಸಾಧ್ಯವಾದಷ್ಟೂ ಬಂಡೆಯನ್ನು ಹೊರಗೆ ತೆಗೆದೇ ಕೆಲಸ ಮಾಡಿ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಬಂಡೆ ಮೇಲೆ ಜೋವಾಂಥಿಡ್, ಪಾಲಿಥೋವಾ (ಗುಂಡಿಯಂಥ ತಲೆಯ, ಗುಂಪಾಗಿ ಬೆಳೆಯುವ ಮೆತ್ತನೆ ಜೀವಿಗಳು) ಇದ್ದರೆ ಅವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಅಂಥ ಬಂಡೆಯನ್ನು ಕುದಿಸಬಾರದು, ಅದರ ಮೇಲೆ ಬಿಸಿನೀರು ಸುರಿಯಬಾರದು, ಪ್ರೆಶರ್ ವಾಷರ್ ಹಿಡಿಯಬಾರದು. ಹಬೆಯಲ್ಲಿ ವಿಷ ಸೇರಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೈಯಲ್ಲಿ ಗಾಯ ಇದ್ದರೆ ಅವತ್ತು ಈ ಕೆಲಸವೇ ಬೇಡ. ಮಕ್ಕಳನ್ನು, ನಾಯಿ ಬೆಕ್ಕುಗಳನ್ನು ದೂರ ಇಡಿ. ಸ್ಪಾಂಜ್ ಮುಳ್ಳು ಚುಚ್ಚಿದರೂ ಚರ್ಮ ಉರಿಯುತ್ತದೆ, ಕೆಲವು ಬಗೆಗಳಲ್ಲಿ ಆ ಉರಿ ದಿನಗಟ್ಟಲೆ ಇರುತ್ತದೆ.

ಈಗ ಕೆಲಸ. ಟ್ಯಾಂಕಿನ ನೀರನ್ನೇ ಎರಡು ಬಕೆಟ್‌ಗೆ ತುಂಬಿಕೊಳ್ಳಿ. ಒಂದರಲ್ಲಿ ಕೆರೆಯುವುದು, ಇನ್ನೊಂದರಲ್ಲಿ ತೊಳೆಯುವುದು. ಬಂಡೆಯನ್ನು ಮೊದಲ ಬಕೆಟ್‌ಗೆ ಹಾಕಿ ಮೊಂಡಾದ ಚಾಕು, ದಂತವೈದ್ಯರು ಬಳಸುವಂಥ ಕೊಕ್ಕೆ, ಗಟ್ಟಿ ಎಳೆಯ ಹಳೇ ಟೂತ್‌ಬ್ರಷ್ ಇವುಗಳಿಂದ ಸ್ಪಾಂಜ್ ಎಬ್ಬಿಸಿ. ಹಾಳೆಯಾಗಿ ಬಂದರೆ ಅದೃಷ್ಟ. ಬಂಡೆಯ ಗುಳಿಗಳಲ್ಲಿ ಉಳಿದದ್ದಕ್ಕೆ ಕೊಕ್ಕೆ ಬೇಕು, ಸಣ್ಣ ತುಣುಕು ಉಳಿದರೂ ಅದೇ ಮತ್ತೆ ಬೆಳೆಯುತ್ತದೆ.

ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ 20 ವಾಲ್ಯೂಮ್, ಅಂದರೆ ಸುಮಾರು 6 ಶೇಕಡಾ. ವಿದೇಶಿ ಗೈಡ್‌ಗಳಲ್ಲಿ ಹೇಳುವುದು 3 ಶೇಕಡಾ. ಲೇಬಲ್ ಓದಿ, 6 ಶೇಕಡಾ ಆಗಿದ್ದರೆ ಅಷ್ಟೇ ಪ್ರಮಾಣದ ಆರ್‌ಓ ನೀರು ಸೇರಿಸಿ ಅರ್ಧಕ್ಕೆ ಇಳಿಸಿ. ಕಾರ್ಖಾನೆಗೆ ಅಂತ ಮಾರುವ 35, 50 ಶೇಕಡಾದ್ದನ್ನು ಮನೆಗೆ ತರಲೇಬೇಡಿ. ನೀರಿನಿಂದ ಹೊರಗಿರುವ ಬಂಡೆಯ ಮೇಲೆ ಸಣ್ಣ ಪೇಂಟ್ ಬ್ರಷ್‌ನಿಂದ ಅಥವಾ ಸೂಜಿ ಇಲ್ಲದ ಸಿರಿಂಜ್‌ನಿಂದ ಸ್ಪಾಂಜ್ ಇದ್ದ ಜಾಗಕ್ಕೆ ಮಾತ್ರ ಹಚ್ಚಿ. ಬುರುಬುರು ನೊರೆ ಬರುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡನೇ ಬಕೆಟ್‌ನಲ್ಲಿ ಚೆನ್ನಾಗಿ ತೊಳೆದು ಟ್ಯಾಂಕಿಗೆ ಬಿಡಿ. ಜೋವಾಂಥಿಡ್‌ಗಳು ಇದನ್ನು ಸುಮಾರಾಗಿ ತಡೆದುಕೊಳ್ಳುತ್ತವೆ. ಅಕ್ರೊಪೊರಾ, ಯುಫೀಲಿಯಾ ಥರದ ಕೋರಲ್‌ಗಳಿಗೆ ಒಂದು ಹನಿಯೂ ತಾಗದಿರಲಿ. ಸೀಗಡಿಗಳಿಗೂ ಪೆರಾಕ್ಸೈಡ್ ಆಗುವುದಿಲ್ಲ, ಆದ್ದರಿಂದ ತೊಳೆಯದೆ ವಾಪಸ್ ಹಾಕಬೇಡಿ.

ಸ್ಪಾಂಜ್‌ಗೆ ಗಾಳಿ ತಾಗಿದರೆ ಸಾಯುತ್ತದೆ, ಸ್ವಲ್ಪ ಹೊತ್ತು ಹೊರಗಿಟ್ಟರೆ ಸಾಕು ಅಂತ ಒಂದು ಮಾತಿದೆ. ನೀರಿನ ನಾಳಗಳಲ್ಲಿ ಗಾಳಿ ಸಿಕ್ಕಿಕೊಂಡು ದಪ್ಪನೆಯ ಸ್ಪಾಂಜ್‌ಗೆ ತೊಂದರೆ ಆಗುವುದು ಹೌದು. ಆದರೆ ತೆಳ್ಳಗೆ ಅಂಟಿಕೊಂಡು ಹಬ್ಬುವ ಬಗೆಗಳು ಕೆಲವು ನಿಮಿಷದ ಗಾಳಿಗೆ ಜಗ್ಗುವುದಿಲ್ಲ. ಅದನ್ನೇ ನಂಬಿಕೊಂಡು ಕೂರಬೇಡಿ.

ಬಂಡೆ ದೊಡ್ಡದು, ಅಲುಗಾಡಿಸಲು ಆಗದು ಅಂದರೆ ನೀರಿನಲ್ಲೇ ಮಾಡಬೇಕಾಗುತ್ತದೆ. ವೇವ್‌ಮೇಕರ್, ರಿಟರ್ನ್ ಪಂಪ್ ಎಲ್ಲ ಆಫ್ ಮಾಡಿ. 6 ಮಿಲಿಮೀಟರ್ ಟ್ಯೂಬಿನ ತುದಿಗೆ ಕೊಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಸೈಫನ್ ಶುರು ಮಾಡಿ. ಕೆರೆದ ತುಣುಕು ಹಾಗೇ ಟ್ಯೂಬಿನೊಳಗೆ ಹೋಗಬೇಕು. ಇನ್ನೊಂದು ತುದಿಯನ್ನು ಬಕೆಟ್‌ಗೆ ಬಿಡಿ, ಆ ನೀರನ್ನು ವಾಪಸ್ ಹಾಕದೆ ಹೊಸ ಉಪ್ಪುನೀರು ಹಾಕಿದರೆ ನೀರು ಬದಲಾಯಿಸುವ ಕೆಲಸವೂ ಆಯಿತು.

ಒಂದೇ ದಿನ ಎಲ್ಲವನ್ನೂ ಕೀಳುವುದು ಬೇಡ. ಸತ್ತ ಸ್ಪಾಂಜ್ ಬೇಗ ಕೊಳೆಯುತ್ತದೆ, ಅಮೋನಿಯಾ ಬರುತ್ತದೆ. ಕೆಲವು ಸ್ಪಾಂಜ್‌ಗಳು ಗಾಯ ಆದಾಗ ವಿಷ ಬಿಡುತ್ತವೆ. ಒಂದು ಸಲಕ್ಕೆ ಒಂದು ಬಂಡೆ, ಅಥವಾ ಅಂಗೈ ಅಗಲದ ಜಾಗ. ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, 10ರಿಂದ 15 ಶೇಕಡಾ ನೀರು ಬದಲಿಸಿ, ವಾರ ಬಿಟ್ಟು ಮುಂದಿನದ್ದು.

ಜೋವಾಂಥಿಡ್ ನಡುವೆ ಸ್ಪಾಂಜ್ ನುಗ್ಗಿದ್ದರೆ

ಅತಿ ಹೆಚ್ಚು ಕಾಣುವ ಮತ್ತು ಅತಿ ತಲೆನೋವಿನ ಸಂದರ್ಭ ಇದೇ. ಲೂಪ್ (ಭೂತಗನ್ನಡಿ) ಹಿಡಿದು ನೋಡಿ. ಬೂದು ಹಾಳೆ ಮೊದಲು ಪಾಲಿಪ್‌ಗಳ (ಗುಂಪಿನಲ್ಲಿರುವ ಒಂದೊಂದು ಬಿಡಿ ಜೀವಿ) ಮೇಲೆ ಹತ್ತುವುದಿಲ್ಲ, ಅವುಗಳ ಕಾಲಿನ ನಡುವೆ ನುಸುಳುತ್ತದೆ. ಪಾಲಿಪ್ ತನ್ನ ಕಾಂಡವನ್ನು ಎಳೆದು ಎಳೆದು ಉದ್ದ ಮಾಡಿಕೊಂಡು ತಲೆ ಮಾತ್ರ ಮೇಲೆ ಇಟ್ಟುಕೊಳ್ಳುತ್ತದೆ. ಅಂಚಿನ ಪಾಲಿಪ್‌ಗಳು ಉಳಿದವಕ್ಕಿಂತ ಉದ್ದವಾಗಿವೆ, ಮಧ್ಯಾಹ್ನ ಲೈಟ್ ಪೂರ್ತಿ ಇರುವಾಗಲೂ ಅರ್ಧವೇ ತೆರೆದಿವೆ ಅಂದರೆ ಬುಡದಲ್ಲಿ ಸ್ಪಾಂಜ್ ಕುತ್ತಿಗೆಗೆ ಬಂದಿದೆ ಅಂತಲೇ ಅರ್ಥ. ಸ್ವಲ್ಪ ದಿನದಲ್ಲಿ ಅವು ಮುಚ್ಚಿಕೊಳ್ಳುತ್ತವೆ, ಮುಚ್ಚಿದ ತಲೆಯ ಮೇಲೆ ಹಾಳೆ ಸೇರಿಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು.

ಈ ಹಂತದಲ್ಲಿ ಪಾಲಿಪ್ ನಡುವೆ ಕೊಕ್ಕೆ ಹಾಕಿ ಕೆದಕುವುದರಿಂದ ಪಾಲಿಪ್‌ಗಳಿಗೆ ಗಾಯವಾಗುತ್ತದೆ, ಸ್ಪಾಂಜ್ ಉಳಿಯುತ್ತದೆ. ಚೆನ್ನಾಗಿರುವ ಪಾಲಿಪ್‌ಗಳ ಗುಂಪನ್ನು ಬುಡಸಹಿತ ಕತ್ತರಿಸಿ ಬೇರೆ ಮಾಡಿ. ಪ್ರತಿ ತುಂಡಿನ ಅಡಿಯಲ್ಲಿ ಬೂದು ಅಂಶ ಉಳಿದಿದೆಯಾ ನೋಡಿ, ಇದ್ದರೆ ಚಿಮುಟದಿಂದ ಎಳೆದು ತೆಗೆಯಿರಿ, 3 ಶೇಕಡಾ ಪೆರಾಕ್ಸೈಡ್ ಅಡಿಭಾಗಕ್ಕೆ ಮಾತ್ರ ಸವರಿ, ತೊಳೆದು, ಹೊಸ ಪ್ಲಗ್ (ಕೋರಲ್ ತುಂಡು ಕೂರಿಸುವ ಸಣ್ಣ ಬಿಲ್ಲೆ) ಮೇಲೆ ಜೆಲ್ ಸೂಪರ್ ಗ್ಲೂನಿಂದ ಅಂಟಿಸಿ. ತಿಂಗಳು ಕಾಲ ಬೇರೆ ರ‍್ಯಾಕ್‌ನಲ್ಲಿ ಇಟ್ಟು ಗಮನಿಸಿ. ಹಳೇ ಬಂಡೆಯಲ್ಲಿ ಉಳಿದ ಸ್ಪಾಂಜನ್ನು ಆಮೇಲೆ ನಿಶ್ಚಿಂತೆಯಿಂದ ಕೆರೆಯಬಹುದು.

ಬೂದು ಹಾಳೆ ಬೆಳಕನ್ನು ನಂಬಿಕೊಂಡಿರುವುದರಿಂದ ಕತ್ತಲೆಯೂ ಒಂದು ಆಯುಧ. ಕೋರಲ್ ಇಲ್ಲದ ಖಾಲಿ ಬಂಡೆ ಆಗಿದ್ದರೆ ಪಂಪು, ಹೀಟರ್ ಇರುವ ಮುಚ್ಚಿದ ಡಬ್ಬದಲ್ಲಿ ಉಪ್ಪುನೀರು ಹಾಕಿ ಒಂದೆರಡು ತಿಂಗಳು ಪೂರ್ತಿ ಕತ್ತಲಲ್ಲಿ ಇಡಿ. ಬಂಡೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುತ್ತವೆ, ಬೆಳಕಿಲ್ಲದ ಹಾಳೆ ಬಿಳಚಿಕೊಂಡು ಸೊರಗುತ್ತದೆ. ನನಗೆ ಇದು ಎಲ್ಲಕ್ಕಿಂತ ಇಷ್ಟವಾದ ದಾರಿ, ಯಾವ ರಾಸಾಯನಿಕವೂ ಬೇಡ.

ಕ್ಲಯೋನಾ ಬೇರೆ ಲೆಕ್ಕ. ಅದು ಅಸ್ಥಿಯೊಳಗೆ ಇರುವುದರಿಂದ ಕೆರೆದು ಪ್ರಯೋಜನ ಇಲ್ಲ. ಚುಕ್ಕೆ ಕಂಡ ಭಾಗದಿಂದ ಸಾಕಷ್ಟು ಮೇಲೆ, ಒಳಗೆ ತೂತು ಕಾಣದ ಬಿಳಿ ಅಸ್ಥಿ ಸಿಗುವವರೆಗೆ ಕತ್ತರಿಸಿ ಮೇಲಿನ ತುಂಡನ್ನು ಉಳಿಸಿಕೊಳ್ಳಿ. ಕತ್ತರಿಸಲು ಆಗದ ಕೋರಲ್ ಆದರೆ ಚುಕ್ಕೆಗಳ ಮೇಲೆ ಅಕ್ವೇರಿಯಂಗೆ ಅಂತಲೇ ಬರುವ ಎಪಾಕ್ಸಿ ಪುಟ್ಟಿ ಮೆತ್ತಿ ನೀರು ಆಡದ ಹಾಗೆ ಮುಚ್ಚಿ. ನೀರು ಸೋಸಲು ಆಗದಿದ್ದರೆ ಅದಕ್ಕೆ ಊಟ ಇಲ್ಲ.

ನೀರಿನೊಳಗಿನ ನಾಣ್ಯದಷ್ಟು ಸಣ್ಣ ತೇಪೆಗಳಿಗೆ ಕಾಲ್ಕ್‌ವಾಸರ್ (ಕ್ಯಾಲ್ಶಿಯಂ ಹೈಡ್ರಾಕ್ಸೈಡ್) ಪೇಸ್ಟ್ ಆಗುತ್ತದೆ. ಪಂಪ್ ನಿಲ್ಲಿಸಿ ಸಿರಿಂಜ್‌ನಿಂದ ಹಚ್ಚಿ, ಕಾಲು ಗಂಟೆ ಬಿಟ್ಟು ಸೈಫನ್ ಮಾಡಿ. ಒಂದು ದಿನಕ್ಕೆ ಒಂದೆರಡು ತೇಪೆ ಸಾಕು, ಜಾಸ್ತಿ ಆದರೆ ಪಿಎಚ್ ಏರುತ್ತದೆ. ಎಲೆ ಅಡಿಕೆ ಸುಣ್ಣವೂ ಕ್ಯಾಲ್ಶಿಯಂ ಹೈಡ್ರಾಕ್ಸೈಡೇ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು, ಆದರೆ ಅದರ ಶುದ್ಧತೆಗೆ ಯಾವ ಖಾತ್ರಿಯೂ ಇಲ್ಲ, ಟ್ಯಾಂಕಿಗೆ ಬೇಡ.

ಮೀನು ಬಿಟ್ಟರೆ ತಿಂದುಬಿಡುತ್ತದಾ?

ಸಮುದ್ರದಲ್ಲಿ ಸ್ಪಾಂಜ್ ತಿನ್ನುವವರು ಬೇಕಾದಷ್ಟಿದ್ದಾರೆ. ಹಾಕ್ಸ್‌ಬಿಲ್ ಆಮೆ ಕೆರಿಬಿಯನ್‌ನಲ್ಲಿ ಹೆಚ್ಚುಕಡಿಮೆ ಸ್ಪಾಂಜ್ ತಿಂದೇ ಬದುಕುತ್ತದೆ ಅಂತ 1988ರಲ್ಲಿ ಆನ್ ಮೇಲನ್ ತೋರಿಸಿದರು. ದೊಡ್ಡ ಏಂಜೆಲ್ ಮೀನುಗಳು, ಮೂರಿಷ್ ಐಡಲ್, ಕವಡೆ ಹುಳುಗಳು, ಪೆನ್ಸಿಲ್ ಅರ್ಚಿನ್ ಇವೆಲ್ಲ ಸ್ಪಾಂಜ್ ತಿನ್ನುತ್ತವೆ. ಆದರೆ ರೀಫ್ ಟ್ಯಾಂಕಿಗೆ ಇವನ್ನು ತರಬೇಡಿ ಅಂತಲೇ ನಾನು ಹೇಳುವುದು. ಎಂಪರರ್ ಏಂಜೆಲ್ 40 ಸೆಂಟಿಮೀಟರ್‌ವರೆಗೆ ಬೆಳೆಯುವ ಮೀನು, ನಾಲ್ಕಡಿ ಟ್ಯಾಂಕಿನಲ್ಲಿ ಅದನ್ನು ಇಡುವುದು ಅನ್ಯಾಯ. ಅದೂ ಅಲ್ಲದೆ ಸ್ಪಾಂಜ್ ಬಿಟ್ಟು ಜೋವಾಂಥಿಡ್, ಟ್ರೈಡಾಕ್ನಾ ಕಚ್ಚುವ ಸಂಭವವೇ ಜಾಸ್ತಿ. ಮೂರಿಷ್ ಐಡಲ್ ಟ್ಯಾಂಕಿನಲ್ಲಿ ಬದುಕುವುದೇ ಕಷ್ಟ. ಸ್ಪಾಂಜ್ ತಿನ್ನುವ ನ್ಯೂಡಿಬ್ರಾಂಕ್‌ಗಳು (ಚಿಪ್ಪಿಲ್ಲದ ಕಡಲ ಬಸವನಹುಳುಗಳು) ಬಹುಪಾಲು ಒಂದೆರಡು ಬಗೆಯ ಸ್ಪಾಂಜ್ ಮಾತ್ರ ತಿನ್ನುತ್ತವೆ, ಅದು ಇಲ್ಲದಿದ್ದರೆ ಉಪವಾಸ ಬಿದ್ದು ಸಾಯುತ್ತವೆ. ನಮ್ಮ ಕೆಲಸ ಸುಲಭ ಆಗಲಿ ಅಂತ ಒಂದು ಜೀವವನ್ನು ಹಾಗೆ ಸಾಯಿಸುವುದು ಸರಿಯಲ್ಲ. ಟ್ಯಾಂಕ್ ನೀರಿಗೆ ಸುರಿದು ಸ್ಪಾಂಜ್ ಮಾತ್ರ ಕೊಲ್ಲುವ ಔಷಧಿಯೂ ಇಲ್ಲ. ತಾಮ್ರ ಇರುವ ಔಷಧಿಗಳನ್ನಂತೂ ಮುಟ್ಟಲೇಬೇಡಿ, ಸೀಗಡಿ, ಬಸವನಹುಳು, ಕೋರಲ್ ಎಲ್ಲವೂ ಹೋಗುತ್ತವೆ.

ಪೈಪು, ಪಂಪು

ಕೋರಲ್‌ಗೆ ಏನೂ ಮಾಡದ ಸೈಕಾನ್ ಕೂಡ ಓವರ್‌ಫ್ಲೋ ಪೈಪಿನೊಳಗೆ ಬೆಳೆದರೆ ನೀರಿನ ಹರಿವು ಕಟ್ಟಬಹುದು. ಡ್ರೈನ್ ಪೈಪಿನ ಸದ್ದು ಬದಲಾಗಿದ್ದರೆ, ಡಿಸ್‌ಪ್ಲೇ ಟ್ಯಾಂಕಿನ ನೀರಿನ ಮಟ್ಟ ಸ್ವಲ್ಪ ಏರಿದ್ದರೆ ಮೊದಲು ಅಲ್ಲಿ ನೋಡಿ. ಎಮರ್ಜೆನ್ಸಿ ಡ್ರೈನ್ ಪೈಪನ್ನು ತಿಂಗಳಿಗೊಮ್ಮೆ ಬಾಟಲ್ ಬ್ರಷ್‌ನಿಂದ ಉಜ್ಜಿ. ರಿಟರ್ನ್ ಪಂಪನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಅರ್ಧ ಬಿಳಿ ವಿನೆಗರ್ ಅರ್ಧ ನೀರಿನಲ್ಲಿ ಒಂದು ಗಂಟೆ ಓಡಿಸಿ. ಸೈಕಾನ್ ಮುಳ್ಳು, ಕೋರಲೈನ್ ಪದರ ಎರಡೂ ಕರಗುತ್ತವೆ.

ಹೊಸ ಕೋರಲ್ ತರುವಾಗ

ಬಹುಪಾಲು ಕಾಟದ ಸ್ಪಾಂಜ್‌ಗಳು ಟ್ಯಾಂಕಿಗೆ ಬರುವುದು ಫ್ರ್ಯಾಗ್ ಪ್ಲಗ್‌ನ ಅಡಿಯಲ್ಲಿ. ಅಂಗಡಿಯಲ್ಲೇ ಪ್ಲಗ್ ತಿರುಗಿಸಿ ನೋಡಲು ಕೇಳಿ, ಸಂಕೋಚ ಬೇಡ. ಕೋರಲನ್ನು ಅದ್ದಿ ತೆಗೆಯುವ ಅಯೋಡಿನ್ ಡಿಪ್, ಕೋರಲ್ ಡಿಪ್‌ಗಳು ಚಪ್ಪಟೆ ಹುಳುವಿಗೆ ಸರಿ, ಸ್ಪಾಂಜ್‌ಗೆ ಸಾಲುವುದಿಲ್ಲ. ಮನೆಗೆ ತಂದ ಮೇಲೆ ಕೋರಲನ್ನು ಹಳೇ ಪ್ಲಗ್‌ನಿಂದ ಬಿಡಿಸಿ ಹೊಸದಕ್ಕೆ ಅಂಟಿಸಿಬಿಡಿ, ಹಳೆಯದನ್ನು ಎಸೆಯಿರಿ.

ಲೈವ್ ರಾಕ್ (ಜೀವಿಗಳು ತುಂಬಿದ ಸಮುದ್ರದ ಬಂಡೆ) ಬೇಕು ಅಂತ ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಹವಳದ ಬಂಡೆ ಎತ್ತಿಕೊಂಡು ಬರುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಸಮುದ್ರದ ಹವಳಗಳಿಗೆ ರಕ್ಷಣೆ ಇದೆ, ಅದು ಅಪರಾಧ. ಸಮುದ್ರದಿಂದ ನೇರ ತಂದ ಬಂಡೆಯಲ್ಲಿ ಏನೇನು ಬಗೆಯ ಕೊರೆಯುವ ಸ್ಪಾಂಜ್ ಇರುತ್ತದೋ ಹೇಳಲಾಗದು. ಒಣ ಬಂಡೆಯಿಂದಲೇ ಶುರು ಮಾಡಿ.

ಅದೇ ರೀತಿ, ಕೆರೆದು ತೆಗೆದ ಸ್ಪಾಂಜ್, ಹಳೇ ಪ್ಲಗ್, ಬೇಡವಾದ ಬಂಡೆ ಯಾವುದನ್ನೂ ಸಮುದ್ರಕ್ಕೆ, ಹೊಳೆಗೆ ಎಸೆಯಬೇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಬೇರೆ ಸಮುದ್ರದ ಸ್ಪಾಂಜ್‌ಗೆ ನಿಮ್ಮ ಮನೆಯಿಂದ ಅರಬ್ಬಿ ಸಮುದ್ರ ನಾಲ್ಕು ಹೆಜ್ಜೆ. ತುಣುಕುಗಳನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಣ ಕಸಕ್ಕೆ ಹಾಕಿ. ಬಕೆಟ್‌ನ ಕೊಳೆ ನೀರಿಗೆ ಒಂದಿಷ್ಟು ಬ್ಲೀಚ್ ಬೆರೆಸಿ, ಪೆರಾಕ್ಸೈಡ್ ಬಳಸಿದ ಬಕೆಟ್ ಆದರೆ ಬ್ಲೀಚ್ ಬೆರೆಸದೆ ಒಂದು ದಿನ ಹಾಗೇ ಬಿಟ್ಟು, ಆಮೇಲೆ ಟಾಯ್ಲೆಟ್‌ಗೆ ಸುರಿಯಿರಿ. ಗಿಡಕ್ಕೆ ಹಾಕಬೇಡಿ, ಉಪ್ಪಿಗೆ ಗಿಡ ಒಣಗುತ್ತದೆ.